ಇದ್ದ ಊರಿನ ಋಣ

ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಬೇರೆ ನಾಡಿನವನು ಎಂಬುದು ಒಂದು. ಹೆತ್ತವರಿಲ್ಲದ ಅನಾಥ ಎಂಬುದು ಇನ್ನೊಂದು. ನಾನು ಹುಟ್ಟಿದ ಧಾರವಾಡದ ಕಡೆಯ ಹಳ್ಳಿಗಳಲ್ಲಿ ಈ ಎರಡನೆಯ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ತಾಯಿತಂದೆಯರನ್ನು ಕಳೆದುಕೊಂಡ ಮಗುವನ್ನು ಕಂಡು ‘ಪಾಪ, ಪರದೇಶಿ ಕೂಸು’ ಎನ್ನುತ್ತಾರೆ. ಆ ಕೂಸು ಊರ ಗಡಿಯನ್ನು ಒಮ್ಮೆಯೂ ದಾಟಿರಲಾರದು. ಹುಟ್ಟೂರು ಬಿಟ್ಟವನನ್ನೂ ಹೆತ್ತವರಿಲ್ಲದವನನ್ನೂ ನಮ್ಮ ಹಿರಿಯರು ಒಂದೇ ಹೆಸರಿನಿಂದ ಕರೆದರು. ಅನಾಥನಿಗೆ ಆಸರೆ ಕೊಡುವವನ ಧರ್ಮವನ್ನು ಕುರಿತು ನಾವು ಬೇಕಾದಷ್ಟು ಕೇಳಿದ್ದೇವೆ. ಆಸರೆ ಪಡೆದವನಿಗೂ ಒಂದು ಧರ್ಮವಿದೆಯೇ? ಇದ್ದರೆ ಅದು ಯಾವುದು? ಗೋವಾದ ಈ ಕಡಲೂರಿನಲ್ಲಿ ಅರ್ಧ ಶತಮಾನ ಕಳೆದ ನನ್ನನ್ನು ಈಗ, ಎಪ್ಪತ್ತು ದಾಟಿದ ಮೇಲೆ, ಈ ಪ್ರಶ್ನೆ ಕಾಡುತ್ತಿದೆ.

1975ರ ಮಳೆಗಾಲದಲ್ಲಿ ಲೋಂಡಾದಲ್ಲಿ ಗಾಡಿ ಹತ್ತಿ, ಕ್ಯಾಸಲ್‌ರಾಕ್ ಘಟ್ಟವಿಳಿದು, ದೂಧಸಾಗರದ ತುಂತುರಿನಲ್ಲಿ ನೆನೆದ ಹಾಸಿಗೆಯ ಸುರುಳಿಯೊಡನೆ ನಾನು ವಾಸ್ಕೋ ನಿಲ್ದಾಣದಲ್ಲಿ ಇಳಿದೆ. ಮುರಗಾಂವ್ ಬಂದರಿನಲ್ಲಿ ದುಡಿಯುತ್ತಿದ್ದ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ. ಕಡಲ ಬದಿಯ ಬದುಕು ಬಯಲುಸೀಮೆಯವನಿಗೆ ಹೊಸದು. ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿತ್ತು, ಉಪ್ಪುಗಾಳಿಗೆ ಕಿಟಕಿಯ ಸರಳುಗಳು ತುಕ್ಕು ಹಿಡಿಯುತ್ತಿದ್ದವು, ಬಂದರಿನಿಂದ ಹಾರಿ ಬಂದ ಅದಿರಿನ ಕೆಂಪು ಧೂಳು ಒಣಗಹಾಕಿದ ಧೋತರದ ಮೇಲೆ ಕೂಡುತ್ತಿತ್ತು. ಬೆಳಗಾದರೆ ಪಾವು ಮಾರುವ ಪೊದೆರನ ಸೈಕಲ್ ಹಾರ್ನು, ರಾತ್ರಿಯಾದರೆ ಹಡಗಿನ ಸಿಳ್ಳು, ಶ್ರಾವಣದಲ್ಲಿ ದಾಮೋದರ ಸಪ್ತಾಹದ ಅಹೋರಾತ್ರಿ ಭಜನೆ. ಇವೆಲ್ಲ ನಿಧಾನವಾಗಿ ಒಗ್ಗಿದವು. ಜೋಳದ ಹಿಟ್ಟು ಮಾತ್ರ ಊರಿನಿಂದ ರೈಲಿನಲ್ಲಿ ಬರುತ್ತಿತ್ತು.

ಭಾಷೆಯ ವಿಷಯದಲ್ಲಿ ನಾನು ಕಲಿತದ್ದು ಮೂರೇ ಮಾತು: ಜಾಯ್, ನಾಕಾ, ಕಿತ್ಲೆಂ. ಬೇಕು, ಬೇಡ, ಎಷ್ಟು. ಸಂತೆಗೆ ಅಷ್ಟು ಸಾಕಾಗುತ್ತಿತ್ತು. ಉಳಿದದ್ದಕ್ಕೆ ಹಿಂದಿ ಇತ್ತು. ಈಗ ಯೋಚಿಸಿದರೆ ಈ ಮೂರೂ ಪಡೆಯುವವನ ಮಾತುಗಳು. ಕೊಡುವ ಮಾತು, ಕೇಳಿ ತಿಳಿಯುವ ಮಾತು ಅವುಗಳಲ್ಲಿ ಒಂದೂ ಇರಲಿಲ್ಲ.

ನಮ್ಮ ಪಕ್ಕದ ಮನೆಯ ಯಜಮಾನರು ಹಡಗಿನಲ್ಲಿ ನೌಕರರು, ಇಲ್ಲಿಯವರು ‘ತಾರ್ವೊಟಿ’ ಎನ್ನುತ್ತಾರಲ್ಲ, ಆ ವೃತ್ತಿಯವರು. ವರ್ಷದಲ್ಲಿ ಹತ್ತು ತಿಂಗಳು ಸಮುದ್ರದ ಮೇಲೆ. ಅವರ ಪತ್ನಿಯನ್ನು ನಾವೆಲ್ಲ ‘ಮಾಯಿ’ ಎಂದೇ ಕರೆಯುತ್ತಿದ್ದೆವು. 1979ರ ಆಷಾಢದ ಒಂದು ರಾತ್ರಿ ನನ್ನ ಪತ್ನಿಗೆ ಹೆರಿಗೆಬೇನೆ ಆರಂಭವಾದಾಗ ದಿಕ್ಕುಗಾಣದೆ ನಿಂತ ನನ್ನನ್ನು ಬದಿಗೆ ಸರಿಸಿ, ಆ ಮಳೆಯಲ್ಲಿ ಓಡಿ ಟ್ಯಾಕ್ಸಿಯವನನ್ನು ಎಬ್ಬಿಸಿ ತಂದವರು ಮಾಯಿ. ಬೆಳಗಿನವರೆಗೂ ಆಸ್ಪತ್ರೆಯ ಬಾಗಿಲಲ್ಲಿ ಜಪಮಾಲೆ ಹಿಡಿದು ಕುಳಿತಿದ್ದರು. ಪರವೂರಿನಲ್ಲಿ ಹೆಂಡತಿಯೊಬ್ಬಳನ್ನೇ ಬಿಟ್ಟುಹೋದ ಗಂಡನ ಮನೆಯವರಾದ್ದರಿಂದ ನಮ್ಮ ಕಷ್ಟ ಅವರಿಗೆ ಹೇಳದೆಯೇ ತಿಳಿದಿತ್ತು.

ಹನ್ನೆರಡು ವರ್ಷಗಳ ಹಿಂದೆ ಆ ಯಜಮಾನರು ತೀರಿಕೊಂಡರು. ಸಂಜೆ ಹೋಗಿ ಶವದ ಮುಂದೆ ಕೈಮುಗಿದು ನಿಂತೆ. ಮಾಯಿ ನನ್ನ ಕೈ ಹಿಡಿದು ಕೊಂಕಣಿಯಲ್ಲಿ ಏನೋ ಹೇಳಿದರು. ದುಃಖದ ಹೊತ್ತಿನಲ್ಲಿ ಯಾರೂ ಹಿಂದಿಗೆ ತಿರುಗಿಸಿ ಮಾತನಾಡುವುದಿಲ್ಲ. ನಾನು ‘ಹೊಯ್, ಹೊಯ್’ ಎಂದು ತಲೆಯಾಡಿಸಿ ಮನೆಗೆ ಬಂದೆ. ಮರುದಿನ ನೇರವಾಗಿ ಇಗರ್ಜಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಎಷ್ಟೋ ದಿನಗಳ ಮೇಲೆ ಅವರ ಮಗ ಮಾತಿನ ನಡುವೆ ಹಿಂದಿಯಲ್ಲಿ ಹೇಳಿದ: ಪೆಟ್ಟಿಗೆ ಮನೆಯಿಂದ ಹೊರಡುವಾಗ ಒಂದು ಹೆಗಲು ಮಾಸ್ತರರದಾಗಿರಲಿ ಎಂದು ಅವನ ತಂದೆ ಬಯಸಿದ್ದರಂತೆ, ಮಾಯಿ ಅದನ್ನೇ ಕೇಳಿದ್ದರಂತೆ, ನಾನು ಒಪ್ಪಿದ್ದೆನಂತೆ. ಬೆಳಿಗ್ಗೆ ಸ್ವಲ್ಪ ಹೊತ್ತು ಕಾದರಂತೆ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಇದನ್ನು ನನ್ನೊಬ್ಬನ ಪ್ರಮಾದವೆಂದು ಬಿಡಬಹುದಿತ್ತು. ಆದರೆ ನಮ್ಮಲ್ಲಿ ಬಹುಮಂದಿ ಹೀಗೆಯೇ ಬದುಕಿದ್ದೇವೆ. ಬೆಂಗಳೂರಿಗೆ ಬಂದು ನೆಲೆಸಿದವರು ಕನ್ನಡ ಕಲಿಯಬೇಕೆಂದು ಇಲ್ಲಿಯ ವೇದಿಕೆಗಳಲ್ಲಿ ನಾವು ಗಟ್ಟಿಯಾಗಿ ಹೇಳಿದ್ದೇವೆ; ನಾನೂ ಹೇಳಿದ್ದೇನೆ, ಈಗಲೂ ಅದು ನ್ಯಾಯವೆಂದೇ ನಂಬುತ್ತೇನೆ. ಹಾಗಿದ್ದರೆ ಆ ನ್ಯಾಯ ಘಟ್ಟದ ಮೇಲೊಂದು, ಕೆಳಗೊಂದು ಆಗಲು ಬರುವುದೇ? 1986ರಲ್ಲಿ ಕೊಂಕಣಿಗಾಗಿ ಇಲ್ಲಿ ದೊಡ್ಡ ಚಳವಳಿ ನಡೆಯಿತು. ಪ್ರಾಣ ತೆತ್ತವರೂ ಇದ್ದಾರೆ. 1987ರಲ್ಲಿ ಕೊಂಕಣಿ ರಾಜ್ಯಭಾಷೆಯಾಯಿತು, ಗೋವಾ ರಾಜ್ಯವಾಯಿತು. ಆ ದಿನಗಳಲ್ಲಿ ನಾನು ಏಳನೆಯ ತರಗತಿಗೆ ಕರ್ನಾಟಕ ಏಕೀಕರಣದ ಪಾಠ ಮಾಡುತ್ತಿದ್ದೆ. ಬೀದಿಯಲ್ಲಿ ಮೆರವಣಿಗೆ ಬಂದಾಗ ಗದ್ದಲವಾಗುತ್ತದೆಂದು ಕಿಟಕಿ ಮುಚ್ಚಿಸಿದೆ. ಪುಸ್ತಕದಲ್ಲಿದ್ದ ಪಾಠವೇ ಬೀದಿಯಲ್ಲಿ ಹೋಗುತ್ತಿದೆ ಎಂಬುದು ಅಧ್ಯಾಪಕನಿಗೇ ಹೊಳೆಯಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ; ಅವು ಹಗುರವಾದವಲ್ಲ. ಇಲ್ಲಿ ನಮ್ಮವರನ್ನು ‘ಘಾಂಟಿ’ ಎಂದು ಹೀಯಾಳಿಸಿದವರಿದ್ದಾರೆ. ಬೈನಾ ಕಡಲತಡಿಯಲ್ಲಿ ಗುಡಿಸಲು ಕಳೆದುಕೊಂಡವರಲ್ಲಿ ಕನ್ನಡಿಗರು ಬಹಳ. ಕಟ್ಟಡದ ಸಾರುವೆಯ ಮೇಲೆ ಹಗಲಿಡೀ ದುಡಿಯುವವನಿಗೆ ಋಣದ ಉಪದೇಶ ಮಾಡುವುದು ಸರಿಯೇ? ಸರಿಯಲ್ಲ. ಆದರೆ ಅವನಿಗೆ ಆ ಉಪದೇಶದ ಅಗತ್ಯವೂ ಇಲ್ಲ. ಗಮನಿಸಿ ನೋಡಿ: ಮಾರುಕಟ್ಟೆಯಲ್ಲಿ ಬುಟ್ಟಿ ಹಿಡಿದು ಕೂತ ಗದಗಿನ ಹೆಣ್ಣುಮಗಳು, ವಿಜಯಪುರದ ಗೌಂಡಿ, ಇವರು ಕೊಂಕಣಿಯಲ್ಲಿ ಜಗಳವಾಡಬಲ್ಲರು, ನಗಿಸಬಲ್ಲರು. ಕಲಿಯದೆ ಉಳಿದವರು ಬಿಡುವು ಇದ್ದ ನಾವು, ಅಂದರೆ ಮಾಸ್ತರರು, ಗುಮಾಸ್ತರು, ಅಧಿಕಾರಿಗಳು. ಅವಮಾನವನ್ನು ಹೆಚ್ಚು ಉಂಡವರೇ ಊರಿಗೆ ಹೆಚ್ಚು ಹತ್ತಿರವಾದರು. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆಯಂತೆ ಅವರು ಬಾವಿಕಟ್ಟೆಗೆ ಬಂದರು. ನಾವು ಮನೆಯಲ್ಲೇ ನಲ್ಲಿ ಹಾಕಿಸಿಕೊಂಡೆವು.

ಇನ್ನೊಂದು ಮಾತಿದೆ. ಇದು ಕದಂಬರು ಆಳಿದ ನೆಲ, ಇಲ್ಲಿ ಕನ್ನಡ ಶಾಸನಗಳಿವೆ, ನಾವು ಹೊರಗಿನವರಲ್ಲ ಎಂಬುದು. ಶಾಸನಗಳು ನಿಜ, ತಾಂಬಡಿ ಸುರ್ಲದ ಗುಡಿಯ ಮುಂದೆ ನಿಂತಾಗ ನನ್ನ ಎದೆಯೂ ಉಬ್ಬಿದೆ. ಆದರೆ ಕಲ್ಲಿನ ಮೇಲಿನ ನಂಟು ಇಂದಿನ ನೆರೆಯವನ ಋಣವನ್ನು ತೀರಿಸುವುದಿಲ್ಲ.

ಮಕ್ಕಳು ಕೊಂಕಣಿ ಕಲಿತರೆ ಕನ್ನಡ ಮರೆತಾರು ಎಂಬ ಭಯಕ್ಕೆ ನಮ್ಮ ಇತಿಹಾಸವೇ ಉತ್ತರ ಕೊಡುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟ ಕೊಂಕಣಿ ಕುಟುಂಬಗಳು ಕುಮಟಾ, ಮಂಗಳೂರು, ಕಾಸರಗೋಡುಗಳವರೆಗೆ ನೆಲೆಸಿದವು. ಅವರಿಗೆ ನಮ್ಮ ಕರಾವಳಿಯೇ ಪರದೇಶ. ನಾಲ್ಕು ಶತಮಾನ ಅವರು ಒಳಮನೆಯಲ್ಲಿ ಕೊಂಕಣಿಯನ್ನು ಬಿಡಲಿಲ್ಲ, ಅಂಗಳದಲ್ಲಿ ಕನ್ನಡವನ್ನು ದೂರವಿಡಲಿಲ್ಲ. ರಾಯಚೂರಿನ 1934ರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಪಂಜೆ ಮಂಗೇಶರಾಯರು, ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು, ಜ್ಞಾನಪೀಠ ಪಡೆದ ಗಿರೀಶ ಕಾರ್ನಾಡರು, ಎಲ್ಲರ ಮನೆಮಾತೂ ಕೊಂಕಣಿಯೇ. ಈ ಕಡೆಯಿಂದ ಹೋದವರು ನಮಗೆ ಇಷ್ಟು ಕೊಟ್ಟರು. ಆ ಕಡೆಯಿಂದ ಬಂದ ನಾವು ಇಲ್ಲಿಗೆ ಕೊಟ್ಟದ್ದೇನು? ಬೆವರನ್ನು ಕೊಟ್ಟಿದ್ದೇವೆ, ಬಂದರು ರಸ್ತೆಗಳು ಅದಕ್ಕೆ ಸಾಕ್ಷಿ. ಕಿವಿಯನ್ನು ಕೊಡಲಿಲ್ಲ. ನಮ್ಮ ಮಕ್ಕಳ ಕನ್ನಡ ಕ್ಷೀಣಿಸಿದ್ದರೆ ಅದನ್ನು ನುಂಗಿದ್ದು ಇಂಗ್ಲಿಷು. ಕೊಂಕಣಿಯ ಮೇಲೆ ಆ ಅಪವಾದ ಬೇಡ.

ಆದ್ದರಿಂದ ಆಸರೆ ಪಡೆದವನ ಧರ್ಮವೆಂದರೆ ತನ್ನದನ್ನು ಬಿಟ್ಟುಕೊಡುವುದಲ್ಲ. ನೆರೆಯವನು ತನ್ನ ದುಃಖವನ್ನು ತನ್ನ ಮಾತಿನಲ್ಲೇ ಹೇಳಿದಾಗ ಅದು ನಮಗೆ ತಲುಪುವಂತೆ ಸಿದ್ಧರಾಗಿರುವುದು. ಸುಖವನ್ನು ಯಾವ ಭಾಷೆಯಲ್ಲಾದರೂ ಹಂಚಿಕೊಳ್ಳಬಹುದು; ದುಃಖಕ್ಕೆ ಆ ಸ್ವಾತಂತ್ರ್ಯವಿಲ್ಲ.

ಮೊಮ್ಮಗಳ ಶಾಲೆಯ ಕೊಂಕಣಿ ಪುಸ್ತಕವನ್ನು ನಾನೀಗ ಅವಳೊಡನೆ ಕೂತು ಓದುತ್ತಿದ್ದೇನೆ. ನನ್ನ ಉಚ್ಚಾರವನ್ನು ಅವಳು ತಿದ್ದುತ್ತಾಳೆ. ಕಳೆದ ಮಳೆಗಾಲದಲ್ಲಿ ಮಾಯಿಯ ಮನೆಗೆ ಹೋಗಿ, ಅಂದು ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ, ಕ್ಷಮಿಸಿ ಎಂದು ಕೊಂಕಣಿಯಲ್ಲಿ ಹೇಳಿದೆ. ವಾಕ್ಯ ತಪ್ಪಿತ್ತು. ಮಾಯಿ ಅದನ್ನು ತಿದ್ದಿ ಮತ್ತೊಮ್ಮೆ ಹೇಳಿಸಿದರು. ಬಳಿಕ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ‘ದೇವ್ ಬರೆಂ ಕರುಂ’ ಎಂದೆ. ಆ ಕೃತಜ್ಞತೆಯ ಮಾತನ್ನು ನಾನು ಕಲಿತದ್ದು ಐವತ್ತು ವರ್ಷಗಳ ಮೇಲೆ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಭಾನುವಾರದ ಕನ್ನಡ ತರಗತಿ ಎಂದಿನಂತೆ ನಡೆಯಲಿ. ಅದೇ ಸಭಾಭವನದಲ್ಲಿ, ಅದು ಮುಗಿದ ಮೇಲೆ ಒಂದು ಗಂಟೆ ದೊಡ್ಡವರಿಗಾಗಿ ಕೊಂಕಣಿ ತರಗತಿಯೂ ನಡೆಯಲಿ. ಮುಂದಿನ ಸಮ್ಮೇಳನದ ಕವಿಗೋಷ್ಠಿಗೆ ಇಬ್ಬರು ಕೊಂಕಣಿ ಕವಿಗಳನ್ನು ಕರೆಯೋಣ. ಅವರ ಕವಿತೆಗೆ ಅನುವಾದ ಕೇಳದೆ ಕಿವಿಗೊಡುವಷ್ಟು ಅಷ್ಟರೊಳಗೆ ಕಲಿತಿರೋಣ. ತರಗತಿಗೆ ಮೊದಲ ವಿದ್ಯಾರ್ಥಿಯಾಗಿ ನನ್ನ ಹೆಸರನ್ನು ಬರೆದುಕೊಳ್ಳಿ.