ತಕ್ಕಡಿಗೆ ಸಿಗದ ವಿಮಾನ

ರಥವೆಂದರೆ ಯಾವುದು ಎಂದು ಭಿಕ್ಷು ನಾಗಸೇನ ಯವನ ಅರಸ ಮಿಲಿಂದನನ್ನು ಕೇಳಿದ್ದು ಬೌದ್ಧ ವಾಙ್ಮಯದ ಹೆಸರಾಂತ ಪ್ರಸಂಗ. ಅಚ್ಚು ರಥವೇ? ಗಾಲಿಯೇ? ನೊಗವೇ? ಎಲ್ಲ ಸೇರಿದ್ದೇ? ಅರಸ ಯಾವುದಕ್ಕೂ ಹೌದೆನ್ನಲಿಲ್ಲ. ಬಿಡಿಭಾಗಗಳನ್ನು ಆಶ್ರಯಿಸಿ ಬಂದ ಒಂದು ಹೆಸರಷ್ಟೇ ರಥ, ಎಂಬಲ್ಲಿಗೆ ಮಾತು ಮುಟ್ಟುತ್ತದೆ. ನ್ಯಾಯದರ್ಶನದವರು ಇದನ್ನು ಒಪ್ಪದೆ, ಅವಯವಗಳಿಗಿಂತ ಬೇರೆಯಾದ ಅವಯವಿ ನಿಜಕ್ಕೂ ಇದೆ ಎಂದು ವಾದಿಸಿದರು. ಅವರಿಗೆದುರಾದ ಆಕ್ಷೇಪಗಳಲ್ಲಿ ಮೊನಚಾದದ್ದು ತೂಕದ್ದು: ಹೊಸ ವಸ್ತುವೊಂದು ಹುಟ್ಟಿದ್ದೇ ಆದರೆ ತಕ್ಕಡಿ ಅಷ್ಟು ಹೆಚ್ಚು ತೂಗಬೇಡವೇ? ತೂಗುವುದಿಲ್ಲ, ನಿಜ. ಆದರೆ ತಕ್ಕಡಿಗೆ ತಿಳಿಯುವುದು ಭಾರ ಎಷ್ಟೆಂಬುದು ಮಾತ್ರ. ಅದು ಎಲ್ಲಿದೆ ಎಂಬುದಲ್ಲ.

ವಿದ್ಯುತ್ ಮೋಟಾರಿನ ಮಾಡೆಲ್ ವಿಮಾನ ಕಟ್ಟುವವರಿಗೆ ಈ ‘ಎಲ್ಲಿ’ಯೇ ದೊಡ್ಡ ಕೆಲಸ. ಮೂಗಿನ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ ಬ್ರಷ್‌ಲೆಸ್ ಮೋಟಾರ್, ಗಾಳಿ ತಾಗುವಂತೆ ಇಟ್ಟ ವೇಗ ನಿಯಂತ್ರಕ, ಒಡಲೊಳಗೆ ವೆಲ್ಕ್ರೋ ಪಟ್ಟಿಯಿಂದ ಬಿಗಿದ 11.1 ವೋಲ್ಟಿನ ಲಿಪೊ ಬ್ಯಾಟರಿ. ಬಹಳ ಸಲ ಬ್ಯಾಟರಿಯೇ ಇವುಗಳಲ್ಲಿ ಭಾರವಾದದ್ದು. ಹಾಗಾಗಿ ಅದನ್ನು ಹಿಂದೆ ಮುಂದೆ ಸರಿಸಿಯೇ ಗುರುತ್ವಕೇಂದ್ರವನ್ನು ಹೊಂದಿಸುತ್ತಾರೆ. ಸಾಮಾನ್ಯ ವಿನ್ಯಾಸದಲ್ಲಿ ಅದು ರೆಕ್ಕೆಯ ಮುಂದಂಚಿನಿಂದ ರೆಕ್ಕೆಯಗಲದ ಶೇ. 25ರಿಂದ 30ರ ಆಸುಪಾಸಿನಲ್ಲಿರಬೇಕು. ಅಲ್ಲಿ, ರೆಕ್ಕೆಗಳ ಅಡಿಗೆ ಎರಡೂ ಕೈಯ ಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟಸವಾಗಿ, ಇಲ್ಲವೇ ಮೂಗು ತುಸು ತಗ್ಗಿಸಿ ನಿಲ್ಲುತ್ತದೆ. ಅದೇ ಬ್ಯಾಟರಿಯನ್ನು ಒಂದೆರಡು ಇಂಚು ಹಿಂದಕ್ಕೆ ತಳ್ಳಿದರೆ ಒಂದು ಗ್ರಾಮೂ ಹೆಚ್ಚುವುದಿಲ್ಲ, ಒಂದು ಭಾಗವೂ ಬದಲಾಗುವುದಿಲ್ಲ. ಆದರೂ ಚಿಕ್ಕ ವಿಮಾನವಾದರೆ ಕೈಬಿಟ್ಟೊಡನೆ ಮೂಗೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆ. ಮೋಟಾರಿನ ಮೂರು ತಂತಿಗಳಲ್ಲಿ ಯಾವ ಎರಡನ್ನು ಅದಲುಬದಲು ಮಾಡಿದರೂ ಅದು ತಿರುಗುಮುರುಗಾಗಿ ಸುತ್ತುವುದೂ ಇಂಥದೇ. ಸಾಮಾನಿನ ಪಟ್ಟಿಯಲ್ಲಿ ಈ ವ್ಯತ್ಯಾಸ ಎಲ್ಲೂ ಕಾಣದು.

ಗುರುತ್ವಕೇಂದ್ರವೆಂದರೆ ಭಾಗಗಳ ತೂಕ, ದೂರಗಳಿಂದ ಹಾಕಿದ ಲೆಕ್ಕ, ಅದೂ ನಮ್ಮ ಅನುಕೂಲಕ್ಕೆ ಇಟ್ಟ ಹೆಸರೇ ಎನ್ನಬಹುದು. ಲೆಕ್ಕ ಹಾಕಬಹುದು ಎಂದಮಾತ್ರಕ್ಕೆ ಅದು ಬರಿಯ ಹೆಸರಾಗದು. ರೆಕ್ಕೆಯಿಂದ ಎಷ್ಟು ದೂರ ಎಂಬುದು ಬ್ಯಾಟರಿಯ ಗುಣವೂ ಅಲ್ಲ, ರೆಕ್ಕೆಯ ಗುಣವೂ ಅಲ್ಲ. ಎರಡರ ನಡುವಿನ ಸಂಬಂಧ ಅದು. ಹೆಸರಿಡುವವರು ಯಾರೂ ಇಲ್ಲದಿದ್ದರೂ ಬಾಲಭಾರದ ವಿಮಾನ ಬಿದ್ದೇ ಬೀಳುತ್ತದೆ. ಹಾಗೆಂದು ಗೆಲುವು ಪೂರ್ತಿ ನೈಯಾಯಿಕರದೂ ಅಲ್ಲ. ಆ ಬಿಂದು ಒಡಲೊಳಗಿನ ಖಾಲಿ ಜಾಗದಲ್ಲಿ ಬಿದ್ದಿರುವುದೂ ಉಂಟು. ಬಿಚ್ಚಿ ನೋಡಿದರೆ ಅಲ್ಲಿ ಯಾವ ದ್ರವ್ಯವೂ ಇಲ್ಲ. ಅವರು ಸಂಬಂಧವನ್ನು ಸರಿಯಾಗಿಯೇ ಕಂಡರು, ಆದರೆ ಅದನ್ನೊಂದು ವಸ್ತು ಮಾಡಲು ಹೋಗಿ ತಕ್ಕಡಿಯೆದುರು ಸಿಕ್ಕಿಬಿದ್ದರು ಎಂದೇ ನನ್ನ ಎಣಿಕೆ. ಉಬ್ಬಿಹೋದ ಬ್ಯಾಟರಿಯನ್ನು ತೆಗೆದು ಹೆಚ್ಚು ತೂಕದ ಇನ್ನೊಂದನ್ನು ಹಾಕುವವರು ಅದನ್ನು ಹಳೆಯದರ ಜಾಗದಲ್ಲೇ ಬಿಗಿಯುವುದಿಲ್ಲ. ಬೆರಳ ಮೇಲೆ ಮತ್ತೆ ತೂಗಿ, ಸಮತೋಲ ಬರುವಲ್ಲಿಗೆ ಸರಿಸುತ್ತಾರೆ. ಭಾಗ ಹೋಯಿತು, ಅದರ ಜಾಗವೂ ಹೋಯಿತು, ಉಳಿಸಿಕೊಂಡದ್ದು ಸಂಬಂಧವನ್ನು.