ಮೈಸೂರಿನ ದುಡ್ಡು, ಲಂಡನ್ನಿನ ಪಿಯಾನೊ

ರಾಜಾಜಿನಗರದಿಂದ ಹೊರಟು ಬಸವೇಶ್ವರನಗರ, ವಿಜಯನಗರ ದಾಟಿ ಕೆಂಗೇರಿಯವರೆಗೆ ಹೋದರೆ ದಾರಿಯುದ್ದಕ್ಕೂ ಕೀಬೋರ್ಡ್ ಕ್ಲಾಸಿನ ಬೋರ್ಡುಗಳು. ಶಾಲೆ ಮುಗಿಸಿ ಬಂದ ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗೆ ಸ್ಕೇಲುಗಳನ್ನು ತಿದ್ದುತ್ತಿರುತ್ತಾರೆ. ಅದೇ ಟ್ರಿನಿಟಿಯ ಗೌರವ ಫೆಲೋ ಆಗಿದ್ದವರು ನಮ್ಮ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್. ಅವರು ಲಂಡನ್ನಿನಲ್ಲಿ ನೆಲೆಸಿದ್ದ ಒಬ್ಬ ವೃದ್ಧ ಸಂಗೀತಗಾರನಿಗೆ ಮಾಡಿದ ಉಪಕಾರದ ಕಥೆ ಈ ಮಕ್ಕಳ ಕಿವಿಗೆ ಬೀಳಬೇಕು ಎಂಬುದು ನನ್ನ ಆಸೆ.

ಕಥೆ ಇಂಗ್ಲೆಂಡಿನ ಇನ್ನೊಬ್ಬ ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್ ಅವರಿಂದ ಶುರುವಾಗುತ್ತದೆ. ಗ್ರಾಮಫೋನನ್ನು ಆಟದ ಸಾಮಾನು ಎಂದು ದೊಡ್ಡ ಸಂಗೀತಗಾರರು ಕಡೆಗಣಿಸುತ್ತಿದ್ದ ಕಾಲದಲ್ಲಿ, 1914ರಿಂದಲೇ ಎಲ್ಗರ್ ತಮ್ಮ ಕೃತಿಗಳನ್ನು ತಾವೇ ನಿರ್ದೇಶಿಸಿ ಪ್ಲೇಟುಗಳಿಗೆ ಕೊಟ್ಟರು. 1932ರಲ್ಲಿ, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಹದಿನಾರರ ಹುಡುಗ ಯೆಹೂದಿ ಮೆನುಹಿನ್ ಕೈಯಲ್ಲಿ ತಮ್ಮ ಪಿಟೀಲು ಕಾನ್ಸರ್ಟೊ ನುಡಿಸಿಸಿ ರೆಕಾರ್ಡ್ ಮಾಡಿದರು. ಕೊನೆಯ ಕಾಯಿಲೆಯಲ್ಲಿ, 1934ರ ಜನವರಿಯಲ್ಲಿ, ಮಲಗಿದ ಕಡೆಯಿಂದಲೇ ಟೆಲಿಫೋನ್ ತಂತಿಯ ಮೂಲಕ ಲಂಡನ್ ಸ್ಟುಡಿಯೋದ ವಾದ್ಯವೃಂದವನ್ನು ಕೇಳಿ ಸಲಹೆ ಕೊಟ್ಟರು. ಮರುತಿಂಗಳು ತೀರಿಕೊಂಡರು. ಇಷ್ಟಕ್ಕೂ ಬೆನ್ನಿಗೆ ನಿಂತವರು ಹೆಚ್.ಎಂ.ವಿ. ಕಂಪನಿಯ ಫ್ರೆಡ್ ಗೈಸ್‌ಬರ್ಗ್. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ದನಿಯನ್ನು ಪ್ಲೇಟಿಗೆ ಇಳಿಸಿಕೊಂಡವರೂ ಅವರೇ. ಆ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಅವರು ಉಳಿದಿರುವುದು ಆ ಪ್ಲೇಟುಗಳಲ್ಲಿ.

ಎಲ್ಗರ್ ಅವರಿಗೆ ಹೆಸರಿತ್ತು, ಕೊಳ್ಳುವವರಿದ್ದರು, ಆದ್ದರಿಂದ ಕಂಪನಿ ಮುಂದೆ ಬಂತು. ಕೊಳ್ಳುವವರೇ ಇಲ್ಲದವರ ಗತಿ? ಅದಕ್ಕೆ 1930ರ ದಶಕದಲ್ಲಿ ಹೆಚ್.ಎಂ.ವಿ.ಯ ವಾಲ್ಟರ್ ಲೆಗ್ ಒಂದು ದಾರಿ ಹುಡುಕಿದ್ದರು. ಸಂಗೀತಗಾರನ ಹೆಸರಿನಲ್ಲಿ ಒಂದು ಸೊಸೈಟಿ, ಸದಸ್ಯರಿಂದ ಮೊದಲೇ ಚಂದಾ, ಸಾಕಷ್ಟು ಹಣ ಸೇರಿದ ಮೇಲೆ ರೆಕಾರ್ಡಿಂಗ್. ಸಂಗೀತ ರಚನಕಾರ ಹ್ಯೂಗೊ ವುಲ್ಫ್ ಅವರ ಹಾಡುಗಳು ಪ್ಲೇಟುಗಳಲ್ಲಿ ಬಂದದ್ದು ಹೀಗೆ. ಆದರೆ 1940ರ ದಶಕದ ಕೊನೆಗೆ ಹೊರಟ ಒಂದು ಸೊಸೈಟಿಗೆ ಚಂದಾದಾರರ ದಾರಿ ಕಾಯುವ ಅಗತ್ಯ ಬೀಳಲಿಲ್ಲ. ಅದರ ಹೆಸರು ಮೆಟ್ನರ್ ಸೊಸೈಟಿ. ಖರ್ಚೆಲ್ಲ ಮೈಸೂರಿನ ಮಹಾರಾಜರದು.

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ರಖ್ಮನಿನೋವ್ ಅವರ ಆಪ್ತ ಗೆಳೆಯ. ಕ್ರಾಂತಿಯ ನಂತರ, 1921ರಲ್ಲಿ ದೇಶ ಬಿಟ್ಟು ಜರ್ಮನಿ, ಫ್ರಾನ್ಸ್ ಸುತ್ತಿ, 1935ರ ಹೊತ್ತಿಗೆ ಲಂಡನ್ ಸೇರಿದರು. ಕಾಲದ ಹೊಸ ರುಚಿಗೆ ಬಗ್ಗುವ ಜಾಯಮಾನ ಅವರದಲ್ಲ. ಹಳೆಯ ವ್ಯಾಕರಣದಲ್ಲೇ ಬರೆದರು. ಜನ ಅವರನ್ನು ಹಳಬರೆಂದು ಬದಿಗಿಟ್ಟರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತ. ಒಬ್ಬ ಶಿಷ್ಯೆಯ ಆಸರೆಯಲ್ಲಿ ಮೂರನೆಯ ಪಿಯಾನೊ ಕಾನ್ಸರ್ಟೊ ಮುಗಿಸಿ, 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ನುಡಿಸಿದರು.

ಆ ಮುದುಕರ ಸಂಗೀತವನ್ನು ಮನಸಾರೆ ಮೆಚ್ಚಿದ ಒಬ್ಬ ತರುಣ ಮೈಸೂರಿನಲ್ಲಿದ್ದರು. 1947ರಲ್ಲಿ ಜಯಚಾಮರಾಜ ಒಡೆಯರಿಗೆ ಇಪ್ಪತ್ತೆಂಟು ವರ್ಷ. ಪಿಯಾನೊ ಕಲಿತವರು, ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಅಭ್ಯಾಸ ಮಾಡಿದವರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರ ಹಣದಿಂದ ಮೆಟ್ನರ್ ತಮ್ಮ ಮೂರೂ ಕಾನ್ಸರ್ಟೊಗಳನ್ನು ವಾದ್ಯವೃಂದದೊಡನೆ ರೆಕಾರ್ಡ್ ಮಾಡಿದರು. ಸೊನಾಟಾಗಳು, ಚಿಕ್ಕ ಪಿಯಾನೊ ರಚನೆಗಳು, ಗಾಯಕಿಯರ ಜೊತೆ ಹಾಡುಗಳು, ಎಲ್ಲ ಸೇರಿ ಮೂರು ಸಂಪುಟ. ಮೂರನೆಯ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು.

ಆ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ಈಗಿನವರು ಊಹಿಸಿಕೊಳ್ಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ನಾಲ್ಕು, ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಅರ್ಧ ಗಂಟೆಗೂ ಮೀರಿದ ಕಾನ್ಸರ್ಟೊವನ್ನು ತುಂಡು ತುಂಡಾಗಿ ನುಡಿಸಬೇಕು. ಒಂದು ಸ್ವರ ಜಾರಿದರೆ ಆ ಬದಿಯನ್ನು ಮೊದಲಿನಿಂದ ನುಡಿಸಬೇಕು; ಅಳಿಸಿ ತಿದ್ದುವ ಮಾತಿಲ್ಲ. ಹೃದಯ ಸೋತ, ಎಪ್ಪತ್ತರ ಅಂಚಿನ ಮನುಷ್ಯ ಅದನ್ನು ಮಾಡಿದರು. ಇಂದು ಆ ರೆಕಾರ್ಡುಗಳನ್ನು ಕೇಳಿದರೆ ಸರಸರ ಸದ್ದಿನ ಹಿಂದೆ ಎಲ್ಲಿಯೂ ಆತುರವಿಲ್ಲದ, ಎಡಗೈ ಬಲಗೈ ಎರಡೂ ಸಮಸಮನಾಗಿ ಮಾತಾಡುವ ಪಿಯಾನೊ ಕೇಳಿಸುತ್ತದೆ. ಕೆಲಸ ಮುಗಿದು ಹೆಚ್ಚು ದಿನ ಕಳೆಯಲಿಲ್ಲ. 1951ರ ನವೆಂಬರಿನಲ್ಲಿ ಮೆಟ್ನರ್ ಲಂಡನ್ನಿನಲ್ಲೇ ತೀರಿಕೊಂಡರು. ಮುಂದೆ ಹೊಸ ಪೀಳಿಗೆಯ ಪಿಯಾನೊ ವಾದಕರು ಅವರ ಕೃತಿಗಳನ್ನು ಕೈಗೆತ್ತಿಕೊಂಡಾಗ, ಬರೆದವರೇ ನುಡಿಸಿದ ಪಾಠ ಅವರಿಗೆ ಸಿಕ್ಕಿತು.

ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. 1947ರ ಸೆಪ್ಟೆಂಬರಿನಲ್ಲಿ ಇಲ್ಲಿ ‘ಮೈಸೂರು ಚಲೋ’ ನಡೆಯುತ್ತಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಬೀದಿಗಿಳಿದಿದ್ದರು, ಜೈಲಿಗೆ ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಅರಮನೆಯ ಹಣ ಲಂಡನ್ನಿನ ಸ್ಟುಡಿಯೋಗೆ ಹೋಗಬೇಕಿತ್ತೇ? ಅರಮನೆಯ ಹಣವೆಂದರೆ ಕೊನೆಗೆ ರೈತನ ಬೆವರೇ ಅಲ್ಲವೇ? ಚಳವಳಿಯಲ್ಲಿದ್ದ ಹಿರಿಯರು ಹೀಗೆ ಕೇಳಿದ್ದರೆ ಅದರಲ್ಲಿ ತಪ್ಪಿಲ್ಲ, ನಾನೂ ಅವರ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಆದರೂ ರಾಜರುಗಳು ಬೇಟೆಗೆ, ಕುದುರೆಗೆ, ಕಾರುಗಳಿಗೆ ಸುರಿದ ಹಣದ ಪಕ್ಕದಲ್ಲಿ ಈ ಖರ್ಚನ್ನು ಇಟ್ಟು ನೋಡಿದಾಗ ನನ್ನ ಮನಸ್ಸು ಒಡೆಯರ ಕಡೆಗೆ ವಾಲುತ್ತದೆ. ಕುದುರೆ ಸತ್ತಿತು, ಕಾರು ತುಕ್ಕು ಹಿಡಿಯಿತು. ಈ ಪಿಯಾನೊವನ್ನು ಇವತ್ತು ಮಾಗಡಿ ರಸ್ತೆಯ ಬಸ್ಸಿನಲ್ಲಿ ಕೂತವರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಬಹುದು, ಬಿಟ್ಟಿಯಾಗಿ.

ಒಡೆಯರು ಅಷ್ಟಕ್ಕೇ ನಿಲ್ಲಲಿಲ್ಲ. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದಾಗ, ಆ ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟಿದ್ದವರು ಅವರೇ. ಅವರಿಗೆ ಹೋಗಲಾಗಲಿಲ್ಲ, ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕೆಂಬುದು ಏರ್ಪಾಡು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಪ್ಲೇಟುಗಳಿದ್ದುವಂತೆ. ಹಾಡುಗಳನ್ನು ಬರೆದ ಸ್ಟ್ರಾಸ್ ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು, ತಮ್ಮ ಹಾಡನ್ನು ಕೇಳಲೇ ಇಲ್ಲ. ಮೆಟ್ನರ್ ವಿಷಯದಲ್ಲಿ ಮೈಸೂರು ಸಮಯಕ್ಕೆ ಸರಿಯಾಗಿ ತಲುಪಿತ್ತು.

ನನ್ನನ್ನು ಕಾಡುವುದು ಈ ಸಮಯದ ಮಾತೇ. ಬಸವೇಶ್ವರನಗರದಲ್ಲಿ, ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಮೈಸೂರು ಬಾನಿಯ ವೀಣೆ ಮೇಷ್ಟ್ರೊಬ್ಬರಿದ್ದಾರೆ. ಎಂಬತ್ತು ದಾಟಿದೆ. ಅವರಿಗೆ ಬರುವ ಪಾಠಾಂತರಗಳಲ್ಲಿ ಕೆಲವನ್ನು ನಾನು ಬೇರೆಲ್ಲೂ ಕೇಳಿಲ್ಲ. ಶಿಷ್ಯರೆಲ್ಲ ಅಮೆರಿಕದಲ್ಲಿದ್ದಾರೆ, ಮನೆಯಲ್ಲಿ ಒಂದು ಕ್ಯಾಸೆಟ್ಟೂ ಇಲ್ಲ. ರೆಕಾರ್ಡ್ ಮಾಡೋಣವೇ ಎಂದು ಕೇಳಿದ್ದಕ್ಕೆ, “ನನ್ನ ವಾದನ ಹಿಡಿದಿಟ್ಟು ಏನ್ರೀ ಮಾಡ್ತೀರಾ?” ಎಂದರು. ಇಂದು ಅದಕ್ಕೆ ಮಹಾರಾಜರೂ ಬೇಡ, ಸ್ಟುಡಿಯೋವೂ ಬೇಡ, ಒಂದು ಒಳ್ಳೆಯ ಮೈಕು, ಒಂದು ಫೋನು ಸಾಕು. ಮೆಟ್ನರ್ ಕಥೆಯನ್ನು ಪೂರ್ತಿ ಹೇಳಿದ ಮೇಲೆ ಒಪ್ಪಿಕೊಂಡರು. ಭಾನುವಾರ ಬೆಳಗ್ಗೆ ಐದೂವರೆಗೆ, ಬಸ್ಸು ಆಟೋಗಳ ಗಲಾಟೆ ಶುರುವಾಗುವ ಮೊದಲು, ಫ್ಯಾನು ಆಫ್ ಮಾಡಿ ಕೂರೋಣ ಎಂದಿದ್ದಾರೆ. ಯಾವುದರಿಂದ ಶುರು ಮಾಡುವುದು ಎಂದು ಕೇಳಿದೆ. ಮೊದಲು ವರ್ಣ ಆಗಲಿ, ಕೈ ಕಾಯಬೇಕಲ್ಲ ಎಂದರು.