ಮೂಗಿಗೂ ಚರ್ಮಕ್ಕೂ ಜಾತಿಯಿದ್ದಾಗ

ಕಾದಂಬರಿಯನ್ನು ರಂಗಕ್ಕೆ ತರುವವರು ಈಗೀಗ ನಮ್ಮ ಕಣ್ಣು ಕಿವಿಗಳಷ್ಟಕ್ಕೇ ತೃಪ್ತರಾಗುವುದಿಲ್ಲ. ಒಲೆಯ ಹೊಗೆ ಮೂಗಿಗೆ ಬರಬೇಕು, ಕಾಲಿಗೆ ಮಣ್ಣು ತಾಗಬೇಕು, ಕೈಗೊಂದು ತುತ್ತು ಸಿಗಬೇಕು, ನಟ ಪಕ್ಕದಲ್ಲೇ ನಿಂತು ಉಸಿರಾಡಬೇಕು. ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸಿ ಕತೆಯೊಳಗೆ ನಡೆಸಬೇಕೆಂಬ ಹಂಬಲ ಅದು. ನನಗೂ ಆ ಆಸೆಯಿದೆ. ಜೊತೆಗೆ ಒಂದು ಅನುಮಾನವೂ ಇದೆ.

ನಮಗೆ ಇದು ಹೊಸತೇನಲ್ಲ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಹೋದವರಿಗೆ ನಾಟಕವೆಂದರೆ ಚಳಿ, ನಿದ್ದೆ, ಕಡಲೆಕಾಯಿ ಎಲ್ಲವೂ ಹೌದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 2010ರಲ್ಲಿ ಮೈಸೂರಿನ ರಂಗಾಯಣದ ಬಯಲಿಗೆ ಬಂದಾಗ ಆ ಹಳೆಯ ರೂಢಿಯೇ ಕೆಲಸಕ್ಕೆ ಬಂತು. ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪ, ಸಿ. ಬಸವಲಿಂಗಯ್ಯ ಅವರ ನಿರ್ದೇಶನ, ಹಂಸಲೇಖ ಅವರ ಸಂಗೀತ. ಸುಮಾರು ಒಂಬತ್ತು ಗಂಟೆಯ ಆಟ. ನಾಲ್ಕು ಕಡೆ ರಂಗಸ್ಥಳ, ಪ್ರೇಕ್ಷಕರೇ ಒಂದರಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ಮುಂದೆ ಅದು ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ನಾನು ನೋಡಿದ್ದು ಅಲ್ಲಿ.

ಏಳುನೂರಕ್ಕೂ ಹೆಚ್ಚು ಪುಟಗಳ ಕಾದಂಬರಿಯಲ್ಲಿ ಬಿಟ್ಟುಹೋದದ್ದು ಬಹಳವಿತ್ತು ನಿಜ. ಆದರೆ ಒಂದು ವಿಷಯ ಓದುವಾಗ ತಲೆಗಷ್ಟೇ ಹೊಳೆದದ್ದು ಅಲ್ಲಿ ಕಾಲಿಗೆ ತಿಳಿಯಿತು. ಈ ಕಾದಂಬರಿಗೆ ನಡುಮನೆಯೆಂಬುದಿಲ್ಲ. ಹೆಗ್ಗಡೆಯ ಉಪ್ಪರಿಗೆಯೂ ಗುತ್ತಿಯ ಬಿಡಾರವೂ ಒಂದೇ ತೂಕದವು. ಎಲ್ಲಿ ನೋಡಬೇಕೆಂದು ತಿಳಿಯದೆ ಕತ್ತಲಲ್ಲಿ ಕತ್ತು ತಿರುಗಿಸುತ್ತಾ ನಡೆಯುವಾಗ ಇದು ಅರ್ಥವಾಗುತ್ತದೆ.

ಅನುಮಾನ ಬೇರೆ ಕಡೆಯದು. ಸ್ಪರ್ಶ, ವಾಸನೆ, ರುಚಿ ಎಲ್ಲರನ್ನೂ ಹತ್ತಿರ ತರುತ್ತವೆ ಎಂಬ ನಂಬಿಕೆಯ ಮೇಲೆ ಇಂಥ ಪ್ರಯೋಗಗಳು ನಿಂತಿವೆ. ಕಾದಂಬರಿಯ ಲೋಕದಲ್ಲಿ, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನಲ್ಲಿ, ಇವೇ ಇಂದ್ರಿಯಗಳು ಜನರನ್ನು ದೂರ ಇಡುತ್ತಿದ್ದವು. ಜಾತಿ ನಡೆಯುತ್ತಿದ್ದುದು ಕಣ್ಣಿನಿಂದಲ್ಲ, ಚರ್ಮದಿಂದ. ಗುತ್ತಿ ಸಿಂಬಾವಿ ಹೆಗ್ಗಡೆಯ ಜೀತದಾಳು; ಒಡೆಯರ ಕೆಲಸಕ್ಕೆ ಕಾಡುಮೇಡು ಸುತ್ತುತ್ತಾನೆ, ಆದರೆ ಅವನ ಜಾಗ ಅಂಗಳದವರೆಗೆ ಮಾತ್ರ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ, ನಡುವೆ ಬರಿಯ ಗಾಳಿ. ಅಸ್ಪೃಶ್ಯತೆಯಲ್ಲಿ ಮುಟ್ಟದಿರುವವನ ಸ್ಪರ್ಶಕ್ಕೆ ಏನಾಗುತ್ತದೆ ಎಂದು ಸುಂದರ್ ಸಾರುಕ್ಕೈ ಕೇಳಿದ ಪ್ರಶ್ನೆ ನನಗೆ ಇಲ್ಲಿ ನೆನಪಾಗುತ್ತದೆ.

ಹಾಗಿರುವಾಗ ನಟನೊಬ್ಬ ಗುತ್ತಿಯ ವೇಷದಲ್ಲಿ ಬಂದು ನನ್ನ ಕೈಗೆ ಎಲೆಅಡಿಕೆ ಇಟ್ಟರೆ ನನಗೆ ಹಿತವಾಗುತ್ತದೆ. ಆ ಹಿತ ಸುಳ್ಳು. ನೂರು ವರ್ಷ ದಾಟಲಾಗದ ಅಂತರವನ್ನು ಟಿಕೆಟ್ಟಿನ ಬೆಲೆಗೆ ದಾಟಿಬಿಟ್ಟೆ ಎಂಬ ಭ್ರಮೆ ಅದರೊಳಗಿದೆ.

ಹಾಗಾದರೆ ಅಂತರವನ್ನೇ ಅನುಭವಕ್ಕೆ ತರಬಹುದಲ್ಲ? ಊಟದ ವಾಸನೆ ಬರಲಿ, ಎಲೆ ಬಾರದಿರಲಿ. ನಮ್ಮಲ್ಲಿ ಕೆಲವರು ಬೇಲಿಯಾಚೆ ನಿಂತೇ ನೋಡಲಿ. ಈ ಯೋಚನೆ ಬಹಳ ದಿನ ನನಗೆ ಸರಿಯೆನಿಸಿತ್ತು. ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಬೇಲಿಯಾಚೆ ನಿಲ್ಲುವವರಲ್ಲಿ, ಅಜ್ಜನ ಕಾಲದವರೆಗೂ ಅಲ್ಲಿಯೇ ನಿಂತಿದ್ದ ಮನೆತನದ ಹುಡುಗಿಯೊಬ್ಬಳು ಇದ್ದರೆ? ನನಗೆ ಅದು ಪಾಠ, ಅವಳಿಗೆ ಹಳೆಯ ಗಾಯ. ನಾನು ಕಲಿಯಲೆಂದು ಅವಳು ಮತ್ತೊಮ್ಮೆ ಹೊರಗೆ ನಿಲ್ಲಬೇಕೆ? ಪುಸ್ತಕ ಇಂಥ ಬಲವಂತ ಮಾಡುವುದಿಲ್ಲ. ಅವಳು ಪುಟ ಮುಚ್ಚಿಡಬಹುದು, ಸಿಟ್ಟಿನಿಂದ ಅಂಚಿನಲ್ಲಿ ಗೀಚಬಹುದು, ಗುತ್ತಿಯ ಜೊತೆ ನಗಬಹುದು; ಯಾರೂ ನೋಡುತ್ತಿರುವುದಿಲ್ಲ. ರಂಗದಲ್ಲಿ ಅವಳ ಮುಖ ನನಗೆ ಕಾಣುತ್ತದೆ, ನಾನು ನೋಡುತ್ತಿದ್ದೇನೆಂದು ಅವಳಿಗೂ ತಿಳಿದಿರುತ್ತದೆ.

ಆದ್ದರಿಂದ ಯಾವ ಇಂದ್ರಿಯವನ್ನು ಎಲ್ಲಿ ತೆರೆಯಬೇಕು ಎಂಬುದು ತಂತ್ರಜ್ಞರಿಗೆ ಬಿಡುವ ಮಾತಲ್ಲ. ಮಳೆ, ಕತ್ತಲೆ, ಹೊಗೆ, ಜೀರುಂಡೆಯ ಸದ್ದು: ಇವೆಲ್ಲ ಬರಲಿ, ಇವು ಒಡೆಯನಿಗೂ ಆಳಿಗೂ ಸಮಾನ. ಅನ್ನ ಮತ್ತು ಮುಟ್ಟುವಿಕೆ ಬಂದಾಗ ನಿರ್ದೇಶಕರು ಕೈ ತಡೆಯಬೇಕು. ಅವನ್ನು ಆಡುವವರ ನಡುವೆಯೇ ಬಿಟ್ಟು, ನಮ್ಮನ್ನು ಬರೀ ನೋಡುವವರಾಗಿ ಉಳಿಸಬೇಕು.

ಇನ್ನು ಹುಲಿಯನ ಮಾತು. ತುಂಬಿದ ತುಂಗೆಯಲ್ಲಿ ಗುತ್ತಿಯ ಆ ನಾಯಿ ಕೊಚ್ಚಿಹೋಗುವುದನ್ನು ನಾನಾಗಿದ್ದರೆ ಹೇಗೆ ತರುತ್ತಿದ್ದೆ? ನೀರು ಚಿಮುಕಿಸುತ್ತಿರಲಿಲ್ಲ, ನಾಯಿಯ ಕೂಗನ್ನೂ ಕೇಳಿಸುತ್ತಿರಲಿಲ್ಲ. ದೀಪಗಳನ್ನೆಲ್ಲ ಆರಿಸಿ, ಗುತ್ತಿ ಅದರ ಹೆಸರು ಕರೆಯುವುದನ್ನು ಮಾತ್ರ ಉಳಿಸುತ್ತಿದ್ದೆ.